ರಟ್ಟು, ಬೆನ್ನು, ಉಂಗುರ: ಹಳೇ ಜಾಜ್ ಎಲ್‌ಪಿ ಕವರನ್ನು ಓದುವುದು ಹೇಗೆ?

ಮೊದಮೊದಲು ಆನ್‌ಲೈನಿನಲ್ಲಿ ಹಳೇ ಜಾಜ್ ರೆಕಾರ್ಡು ಹುಡುಕುವಾಗ ನನ್ನ ಕಣ್ಣಿಗೆ ಬಿದ್ದ ಒಂದು ಸಾಲು ಹೀಗಿತ್ತು: 'ವಿಜಿ ಪ್ಲಸ್/ವಿಜಿ, ಟಿಪ್-ಆನ್ ಕವರ್, ಲೈಟ್ ರಿಂಗ್ ವೇರ್, ಬಾಟಮ್ ಸೀಮ್ ಸ್ಪ್ಲಿಟ್, ಸಾ ಕಟ್, ಡಬ್ಲ್ಯೂಒಸಿ.' ಅರ್ಧಕ್ಕರ್ಧ ತಿಳಿಯಲಿಲ್ಲ. 'ವೆರಿ ಗುಡ್' ಅಂತ ಇದೆಯಲ್ಲ, ಸಾಕು ಅಂದುಕೊಂಡು ದುಡ್ಡು ಕಳಿಸಿದೆ. ಮೂರು ವಾರದ ಮೇಲೆ ಪಾರ್ಸೆಲ್ ಬಂತು. ಕವರನ್ನು ಮೇಲೆತ್ತಿದೆ, ರೆಕಾರ್ಡು ತಳದಿಂದ ಜಾರಿ ಮಡಿಲಿಗೆ ಬಿತ್ತು. ಕೆಳಗಿನ ಅಂಟು ಈ ತುದಿಯಿಂದ ಆ ತುದಿಯವರೆಗೆ ಬಿಟ್ಟುಕೊಂಡಿತ್ತು. ಹಿಂದೆ ತಿರುಗಿಸಿದರೆ ನೀಲಿ ಬಾಲ್‌ಪೆನ್ನಿನಲ್ಲಿ ಯಾರದೋ ಹೆಸರು. ಮಾರಿದವನು ಸುಳ್ಳು ಹೇಳಿರಲಿಲ್ಲ, ಎಲ್ಲವನ್ನೂ ಬರೆದಿದ್ದ. ಓದಲು ಬಾರದವನು ನಾನು.

ವಿಜಿ ಅನ್ನುವ ಗ್ರೇಡನ್ನು ಬದಿಗಿಟ್ಟರೆ, ಆ ಒಂದು ಸಾಲಿನಲ್ಲಿ ಮೂರು ಬೇರೆ ಬೇರೆ ಜಾತಿಯ ಪದಗಳು ಕಲಸಿಕೊಂಡಿದ್ದವು. ಟಿಪ್-ಆನ್ ಅನ್ನುವುದು ಕವರನ್ನು ಹೇಗೆ ಕಟ್ಟಿದ್ದಾರೆ ಅಂತ ಹೇಳುತ್ತದೆ. ರಿಂಗ್ ವೇರ್, ಸೀಮ್ ಸ್ಪ್ಲಿಟ್ ಅನ್ನುವುದು ಬಳಸಿ ಬಳಸಿ ಏನಾಗಿದೆ ಅಂತ ಹೇಳುತ್ತವೆ. ಸಾ ಕಟ್, ಡಬ್ಲ್ಯೂಒಸಿ ಅನ್ನುವುದು ಯಾರೋ ಬೇಕೆಂದೇ ಮಾಡಿದ ಗುರುತು. ಹೊಸಬರು ಮಾಡಬೇಕಾದ ಮೊದಲ ಕೆಲಸ ಈ ಮೂರನ್ನು ಬಿಡಿಸಿಕೊಳ್ಳುವುದು. ಈ ಲೇಖನವೂ ಅದೇ ದಾರಿಯಲ್ಲಿ ಹೋಗುತ್ತದೆ.

1. ಮೊದಲು ಅಂಗಾಂಗಗಳ ಹೆಸರು

ಕವರಿಗೆ ಅಮೆರಿಕದವರು ಜಾಕೆಟ್ ಅನ್ನುತ್ತಾರೆ, ಇಂಗ್ಲೆಂಡಿನವರು ಸ್ಲೀವ್ ಅನ್ನುತ್ತಾರೆ. ಒಳಗಿನ ತೆಳು ಕಾಗದದ ಚೀಲ ಇನ್ನರ್ ಸ್ಲೀವ್. ಕಂಪನಿಯ ಹೆಸರು, ಜಾಹೀರಾತು ಅಚ್ಚಾಗಿದ್ದರೆ ಅದು ಕಂಪನಿ ಸ್ಲೀವ್. ಶೆಲ್ಫಿನಲ್ಲಿ ನಿಲ್ಲಿಸಿದಾಗ ಕಾಣುವ ಅಂಚು ಸ್ಪೈನ್, ಅಂದರೆ ಬೆನ್ನು. ಅದರ ಎದುರಿನದು ಬಾಯಿ. ಮೇಲೆ, ಕೆಳಗೆ ಅಂಟಿಸಿ ಮುಚ್ಚಿದ ಅಂಚುಗಳು ಸೀಮ್. ಹಿಂಬದಿಯ ಬರಹ ಲೈನರ್ ನೋಟ್ಸ್. ಅಚ್ಚು ಹಾಕಿ ರಟ್ಟಿಗೆ ಅಂಟಿಸುವ ಕಾಗದಕ್ಕೆ ಸ್ಲಿಕ್ ಅಂತ ಹೆಸರು.

ಆಲ್ಬಮ್ ಅನ್ನುವ ಮಾತು ಎಲ್‌ಪಿಗಿಂತ, ಅಂದರೆ ಲಾಂಗ್ ಪ್ಲೇ ರೆಕಾರ್ಡಿಗಿಂತ, ಹಳೆಯದು. ನಿಮಿಷಕ್ಕೆ 78 ಸುತ್ತು ತಿರುಗುವ ತಟ್ಟೆಯ ಒಂದು ಬದಿಗೆ ಮೂರೋ ನಾಲ್ಕೋ ನಿಮಿಷ ಹಿಡಿಯುತ್ತಿತ್ತು, ಅಷ್ಟೇ. ಹಾಗಾಗಿ ನಾಲ್ಕೈದು ತಟ್ಟೆಗಳನ್ನು ಫೋಟೋ ಆಲ್ಬಮ್ಮಿನಂಥ ದಪ್ಪ ಪುಸ್ತಕದಲ್ಲಿಟ್ಟು ಮಾರುತ್ತಿದ್ದರು. ಹೊರಮೈ ಬಹುತೇಕ ಬೋಳು. 1940ರಲ್ಲಿ ಕೊಲಂಬಿಯಾ ಕಂಪನಿಯಲ್ಲಿದ್ದ ಅಲೆಕ್ಸ್ ಸ್ಟೈನ್‌ವೈಸ್ ಆ ಬೋಳು ರಟ್ಟಿನ ಮೇಲೆ ಚಿತ್ರ ತಂದರು. 1948ರಲ್ಲಿ ಅದೇ ಕಂಪನಿ ಎಲ್‌ಪಿಯನ್ನು ಮಾರುಕಟ್ಟೆಗೆ ಬಿಟ್ಟಿತು. 50ರ ದಶಕದ ನಡುವಿನವರೆಗೂ ಜಾಜ್ ಜಾಸ್ತಿ ಬಂದದ್ದು 10 ಇಂಚಿನ ಎಲ್‌ಪಿಯಲ್ಲಿ, ಆಮೇಲೆ 12 ಇಂಚು. ವಿವರಣೆಯಲ್ಲಿ 'ಟೆನ್ ಇಂಚ್' ಅಂತ ಕಂಡರೆ ಅದು ಬೆರಳಾಡಿಸಿ ಬಿಡುವ ಸಾಮಾನಲ್ಲ, ನಿಧಾನ ಮಾಡಿ.

2. ಬಾಯಿ ತೆರೆದು ಒಳಗೆ ನೋಡಿ: ಕವರು ಹೇಗೆ ಕಟ್ಟಿದ್ದು?

ಎಲ್ಲರೂ ಮುಂಬದಿಯ ಚಿತ್ರ ನೋಡುತ್ತಾರೆ. ನೀವು ಕವರಿನ ಬಾಯನ್ನು ಮೆಲ್ಲಗೆ ಅಗಲಿಸಿ ಒಳಗೆ ನೋಡಿ. ಬೂದು ಅಥವಾ ಕಂದು ಬಣ್ಣದ ಒರಟು ರಟ್ಟು ಕಂಡು, ಅದರ ಅಂಚಿಗೆ ಹೊರಗಿನ ಕಾಗದ ಮಡಚಿ ಬಂದಿದ್ದರೆ ಅದು ಟಿಪ್-ಆನ್. ಪೇಸ್ಟ್-ಆನ್ ಅಂತಲೂ ಕರೆಯುತ್ತಾರೆ. ಬೇರೆ ಕಾಗದದಲ್ಲಿ ಅಚ್ಚಾದ ಸ್ಲಿಕ್ಕನ್ನು ರಟ್ಟಿಗೆ ಅಂಟಿಸಿದ್ದು. 50, 60ರ ದಶಕದ ಅಮೆರಿಕನ್ ಜಾಜ್ ಕವರುಗಳು ಹೆಚ್ಚಾಗಿ ಹೀಗೇ ಇರುತ್ತವೆ. ಒಳಗೆ ಬಿಳಿಯಾಗಿ ನುಣುಪಾಗಿದ್ದು, ಚಿತ್ರ ರಟ್ಟಿನ ಮೇಲೇ ನೇರವಾಗಿ ಅಚ್ಚಾಗಿದ್ದರೆ ಅದು ಸಾಮಾನ್ಯವಾಗಿ ಆಮೇಲಿನ ಕಾಲದ್ದು.

ಆದರೆ ಟಿಪ್-ಆನ್ ಅಂದ ತಕ್ಷಣ ಹಳೆಯದು ಅಂತ ಕುಣಿಯಬೇಡಿ. ಈಗಲೂ ಅದನ್ನು ಮಾಡುತ್ತಾರೆ. ಅಮೆರಿಕದ ಜಾಜ್ ಕಂಪನಿ ಬ್ಲೂ ನೋಟ್ 2019ರಲ್ಲಿ ಶುರುಮಾಡಿದ ಟೋನ್ ಪೊಯೆಟ್ ಸರಣಿಯ ಮರುಮುದ್ರಣಗಳಿಗೆ ಹೊಚ್ಚಹೊಸ ಟಿಪ್-ಆನ್ ಕವರೇ ಇರುವುದು. 'ಓಲ್ಡ್ ಸ್ಟೈಲ್ ಜಾಕೆಟ್' ಅಂತ ಬರೆದಿದ್ದರೆ ಶೈಲಿ ಹಳೆಯದು ಅಂತ ಮಾತ್ರ ಅರ್ಥ.

ಫ್ರೇಮ್ ಕವರ್ ಅನ್ನುವ ಪದ ಬ್ಲೂ ನೋಟ್ ಹುಚ್ಚಿನವರ ಬಾಯಲ್ಲಿ ಜಾಸ್ತಿ. 50ರ ದಶಕದ ನಡುವಿನ ಅವರ ಕೆಲವು ಕವರುಗಳ ಮುಂಬದಿಯಲ್ಲಿ, ಅಂಚಿನಿಂದ ಸ್ವಲ್ಪ ಒಳಗೆ, ಫೋಟೋ ಕಟ್ಟಿನಂತೆ ಒಂದು ಸಣ್ಣ ಏಣು ಇರುತ್ತದೆ. ಕಣ್ಣಿಗೆ ಸುಲಭಕ್ಕೆ ಕಾಣುವುದಿಲ್ಲ. ಕವರನ್ನು ಕಿಟಕಿ ಬೆಳಕಿಗೆ ಓರೆಯಾಗಿ ಹಿಡಿದು, ಹೆಬ್ಬೆರಳನ್ನು ಅಂಚಿನಿಂದ ಒಳಕ್ಕೆ ಎಳೆಯಿರಿ. ದೋಸೆ ಕಾವಲಿಯ ಅಂಚು ದಾಟಿದ ಹಾಗೆ ಬೆರಳಿಗೆ ತಟ್ಟುತ್ತದೆ. ಫೋಟೋದಲ್ಲಿ ಇದನ್ನು ಹಿಡಿಯುವುದು ಕಷ್ಟ. ಓರೆ ಬೆಳಕಿನಲ್ಲಿ ತೆಗೆದ ಫೋಟೋ ಕೇಳಿ.

ಇಂಗ್ಲೆಂಡಿನ ಕವರುಗಳಲ್ಲಿ ಫ್ಲಿಪ್‌ಬ್ಯಾಕ್ ಸಿಗುತ್ತದೆ. ಶಾಲೆ ಪುಸ್ತಕಕ್ಕೆ ಬೈಂಡ್ ಹಾಕುವಾಗ ಬ್ರೌನ್ ಶೀಟಿನ ಅಂಚನ್ನು ಒಳಕ್ಕೆ ಮಡಚುತ್ತಿದ್ದೆವು, ಅಲ್ವಾ? ಇಲ್ಲಿ ಅದು ಉಲ್ಟಾ. ಮುಂಬದಿಯ ಕಾಗದದ ಅಂಚು ಹಿಂಬದಿಯ ಮೇಲೆ, ಹೊರಗೇ, ಎದ್ದು ಕಾಣುವಂತೆ ಮಡಚಿ ಅಂಟಿಸಿರುತ್ತಾರೆ. ಹಿಂಬದಿಯ ತಳದಲ್ಲಿ ಸಣ್ಣ ಅಕ್ಷರದಲ್ಲಿ ಗ್ಯಾರಡ್ ಅಂಡ್ ಲಾಫ್ಟ್‌ಹೌಸ್ ಅಂತ ಮುದ್ರಕರ ಹೆಸರು ಕಂಡರೆ ಅದು ಬ್ರಿಟಿಷ್ ಕವರು. ಇವುಗಳ ಮುಂಬದಿ ಹೆಚ್ಚಾಗಿ ಲ್ಯಾಮಿನೇಟ್ ಆಗಿರುತ್ತದೆ. ಹೊಳಪು ಚೆನ್ನ. ಆದರೆ ವಯಸ್ಸಾದ ಮೇಲೆ ಪೊರೆ ಗುಳ್ಳೆ ಎದ್ದು ಅಂಚಿನಿಂದ ಸುಲಿಯುತ್ತದೆ. ಅದನ್ನು ಲ್ಯಾಮಿನೇಷನ್ ಲಿಫ್ಟ್ ಅನ್ನುತ್ತಾರೆ.

ಪುಸ್ತಕದಂತೆ ತೆರೆಯುವುದು ಗೇಟ್‌ಫೋಲ್ಡ್. ಜಾಜ್‌ನಲ್ಲಿ ಈ ಪದ ಕೇಳಿದ ಕೂಡಲೇ ನೆನಪಾಗುವುದು ಇಂಪಲ್ಸ್ ಕಂಪನಿ. ನಿರ್ಮಾಪಕ ಕ್ರೀಡ್ ಟೇಲರ್ 1960ರಲ್ಲಿ ಕಟ್ಟಿದ್ದು. ಶೆಲ್ಫಿನಲ್ಲಿ ಸಾಲಾಗಿ ನಿಂತರೆ ಕಿತ್ತಳೆ-ಕಪ್ಪು ಬೆನ್ನುಗಳ ಒಂದು ಗೋಡೆಯೇ ಆಗುತ್ತದೆ. ಸ್ಯಾಕ್ಸೋಫೋನ್ ವಾದಕ ಜಾನ್ ಕಾಲ್ಟ್ರೇನ್‌ನ 1965ರ 'ಎ ಲವ್ ಸುಪ್ರೀಮ್' ಕೂಡ ಅಲ್ಲಿಂದಲೇ ಬಂದದ್ದು. ಅದರ ಮುಂಬದಿಯ ಕಪ್ಪು-ಬಿಳುಪು ಫೋಟೋ ತೆಗೆದವರು ನಿರ್ಮಾಪಕ ಬಾಬ್ ಥೀಲ್.

ಜಪಾನಿನ ಮುದ್ರಣಗಳ ಎಡಗಡೆ ಸುತ್ತಿದ ಉದ್ದನೆಯ ಕಾಗದದ ಪಟ್ಟಿ ಓಬಿ. ಜಪಾನಿ ಭಾಷೆಯಲ್ಲಿ ಕಿಮೋನೋ ಮೇಲೆ ಕಟ್ಟುವ ನಡುಪಟ್ಟಿಗೆ ಇರುವ ಹೆಸರದು. ಓಬಿ ಹೋದರೆ ಕವರು ಕೆಡುವುದಿಲ್ಲ, ಬೆಲೆ ಮಾತ್ರ ಇಳಿಯುತ್ತದೆ. ನನಗಂತೂ ಒಂದು ಕಾಗದದ ಪಟ್ಟಿಗೆ ಅಷ್ಟು ದುಡ್ಡು ಕೊಡಲು ಮನಸ್ಸು ಬರುವುದಿಲ್ಲ.

3. ತಿರುಗಿಸಿ, ತಳದ ಸಾಲು ಓದಿ

ಕವರಿನ ವಯಸ್ಸು ಹಿಂಬದಿಯ ತಳದಲ್ಲಿರುತ್ತದೆ. ಬ್ಲೂ ನೋಟ್ ಕಂಪನಿಯನ್ನೇ ತೆಗೆದುಕೊಳ್ಳಿ. ಬರ್ಲಿನ್ ಬಿಟ್ಟು ನ್ಯೂಯಾರ್ಕಿಗೆ ಬಂದಿದ್ದ ಆಲ್ಫ್ರೆಡ್ ಲಯನ್ 1939ರಲ್ಲಿ ಶುರುಮಾಡಿದ್ದು. ಅವರ ಗೆಳೆಯ ಫ್ರಾನ್ಸಿಸ್ ವುಲ್ಫ್ ರೆಕಾರ್ಡಿಂಗ್ ನಡೆಯುವಾಗಲೇ ಫೋಟೋ ತೆಗೆಯುತ್ತಿದ್ದರು. 1956ರ ಹೊತ್ತಿಗೆ ಬಂದ ವಿನ್ಯಾಸಕಾರ ರೀಡ್ ಮೈಲ್ಸ್ ಆ ಫೋಟೋಗಳನ್ನು ಕತ್ತರಿಸಿ, ಒಂದೇ ಬಣ್ಣ ಮೆತ್ತಿ, ದೊಡ್ಡ ದೊಡ್ಡ ಅಕ್ಷರ ಜೋಡಿಸಿ ಹತ್ತು ವರ್ಷಕ್ಕೂ ಮೀರಿ ಕವರು ಮಾಡಿದರು. 'ರೀಡ್ ಮೈಲ್ಸ್ ಕವರ್' ಅನ್ನುವುದೇ ಈಗ ಒಂದು ಹುಡುಕುಪದ.

ಕಂಪನಿ ಮನೆ ಬದಲಿಸಿದಂತೆ ಕವರಿನ ಹಿಂದಿನ ವಿಳಾಸವೂ ಬದಲಾಯಿತು. ಮೊದಲು 767 ಲೆಕ್ಸಿಂಗ್ಟನ್ ಅವೆನ್ಯೂ. ಆಮೇಲೆ 47 ವೆಸ್ಟ್ 63ನೇ ಬೀದಿ. ಅದಾದ ಮೇಲೆ 43 ವೆಸ್ಟ್ 61ನೇ ಬೀದಿ. ಸಂಗ್ರಹಕಾರರು ಇವನ್ನು ಮೊಟಕಾಗಿ 'ಲೆಕ್ಸ್', 'ವೆಸ್ಟ್ 63' ಅಂತೆಲ್ಲ ಕರೆಯುತ್ತಾರೆ. 60ರ ದಶಕದ ನಡುವೆ ಲಿಬರ್ಟಿ ಕಂಪನಿ ಕೊಂಡುಕೊಂಡ ಮೇಲೆ ಲಿಬರ್ಟಿಯ ಹೆಸರು ಕಾಣಿಸಿಕೊಳ್ಳುತ್ತದೆ.

ಒಂದು ಉದಾಹರಣೆ ನೋಡೋಣ. ಕಾಲ್ಟ್ರೇನ್‌ನ 'ಬ್ಲೂ ಟ್ರೇನ್' ರೆಕಾರ್ಡ್ ಆದದ್ದು 1957ರ ಸೆಪ್ಟೆಂಬರಿನಲ್ಲಿ. ಕಂಪನಿಯ ಪಟ್ಟಿಯಲ್ಲಿ ಇದರ ನಂಬರು ಬಿಎಲ್‌ಪಿ 1577. ಇದರ ಮೊದಲ ಕವರಿನ ಹಿಂದೆ ಇರಬೇಕಾದದ್ದು 47 ವೆಸ್ಟ್ 63. ಅದರ ಜಾಗದಲ್ಲಿ 43 ವೆಸ್ಟ್ 61 ಅಂತ ಇದ್ದರೆ ಕವರು ಹಳೆಯದೇ, ಒಳ್ಳೆಯದೇ, ಆದರೆ ಮೊದಲನೆಯದಲ್ಲ. ಹಾಗಂತ 1963ರಲ್ಲಿ ಹೊರಬಂದ ಆಲ್ಬಮ್ಮಿಗೆ ವೆಸ್ಟ್ 63 ಹುಡುಕುತ್ತಾ ಕೂರಬೇಡಿ, ಅದಕ್ಕೆ ವೆಸ್ಟ್ 61 ಇದ್ದರೇ ಸರಿ. ವಿಳಾಸವನ್ನು ಯಾವಾಗಲೂ ಆ ಆಲ್ಬಮ್ಮಿನ ವರ್ಷದ ಜೊತೆ ಇಟ್ಟು ನೋಡಬೇಕು.

ಅದೇ ಸಾಲಿನಲ್ಲಿ 'ನ್ಯೂಯಾರ್ಕ್ 23' ಅಂತ ಇದ್ದರೆ ಅದು ಹಳೇ ಅಂಚೆ ವಲಯದ ಸಂಖ್ಯೆ. ಅಮೆರಿಕದಲ್ಲಿ ಐದಂಕಿಯ ಜಿಪ್ ಕೋಡ್ ಬಂದದ್ದು 1963ರಲ್ಲಿ. 1958ರ ಕವರು ಅಂತ ಹೇಳಿ ಮಾರುವವರ ಕವರಿನ ಮೇಲೆ ಐದಂಕಿ ಕಂಡರೆ ಕೇಳಬೇಕಾದ ಪ್ರಶ್ನೆ ಏನು ಅಂತ ಬಿಡಿಸಿ ಹೇಳಬೇಕಿಲ್ಲ. ಬಾರ್‌ಕೋಡ್ ಇದ್ದರಂತೂ ಮಾತೇ ಇಲ್ಲ. 80ರ ದಶಕದ ಓಜೆಸಿ ಸರಣಿ, ಅಂದರೆ ಒರಿಜಿನಲ್ ಜಾಜ್ ಕ್ಲಾಸಿಕ್ಸ್, ಪ್ರೆಸ್ಟೀಜ್ ಮತ್ತು ರಿವರ್‌ಸೈಡ್ ಕಂಪನಿಗಳ ಹಳೇ ಚಿತ್ರಗಳನ್ನೇ ಮತ್ತೆ ಅಚ್ಚುಹಾಕಿತು. ಹೆಸರಿನಲ್ಲಿ 'ಒರಿಜಿನಲ್' ಇದೆ, ಕವರು ಒರಿಜಿನಲ್ ಅಲ್ಲ. ಕೇಳಲು ಮಾತ್ರ ಒಳ್ಳೆಯ ರೆಕಾರ್ಡುಗಳು, ನನ್ನ ಬಳಿಯೇ ಒಂದಷ್ಟಿವೆ.

ನಂಬರಿನ ವಿಷಯ ಸುಲಭ. ಬ್ಲೂ ನೋಟ್‌ನಲ್ಲಿ ಬಿಎಲ್‌ಪಿ ಅಂದರೆ ಮಾನೋ (ಎಡ-ಬಲ ಅಂತ ಬೇರೆ ಮಾಡದ ಒಂದೇ ದನಿ), ಬಿಎಸ್‌ಟಿ ಅಂದರೆ ಸ್ಟೀರಿಯೋ. ಸ್ಟೀರಿಯೋ ಆದಾಗ ನಂಬರಿನ ಮುಂದೆ ಒಂದು 8 ಸೇರುತ್ತದೆ. ಲೀ ಮಾರ್ಗನ್‌ನ 'ದಿ ಸೈಡ್‌ವೈಂಡರ್' ಮಾನೋದಲ್ಲಿ 4157, ಸ್ಟೀರಿಯೋದಲ್ಲಿ 84157. ಸ್ಟೀರಿಯೋ ಹೊಸದಾಗಿದ್ದ ಕಾಲದಲ್ಲಿ ಮಾನೋ ಕವರಿಗೇ ಚಿನ್ನದ ಬಣ್ಣದ ಚೀಟಿ ಅಂಟಿಸಿ ಕಳಿಸಿದ್ದೂ ಉಂಟು. ಆ ಚೀಟಿಯನ್ನು ಯಾರೋ ಅಂಗಡಿಯವರು ಹಚ್ಚಿದ್ದು ಅಂದುಕೊಂಡು ಕಿತ್ತುಹಾಕಬೇಡಿ!

ತಪ್ಪಚ್ಚುಗಳಿಗೂ ಬೆಲೆಯಿದೆ. ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್‌ನ 1959ರ 'ಕೈಂಡ್ ಆಫ್ ಬ್ಲೂ' ಮೊದಲ ಅಚ್ಚುಗಳಲ್ಲಿ ಎರಡನೇ ಬದಿಯ ಎರಡು ಹೆಸರು, 'ಆಲ್ ಬ್ಲೂಸ್' ಮತ್ತು 'ಫ್ಲಮೆಂಕೊ ಸ್ಕೆಚಸ್', ಅದಲುಬದಲಾಗಿದ್ದವು. ಇಂಥದ್ದಕ್ಕೆ ಮಿಸ್‌ಪ್ರಿಂಟ್ ಅನ್ನುತ್ತಾರೆ. ತಿದ್ದಿದ ಅಚ್ಚಿಗಿಂತ ತಪ್ಪಿದ ಅಚ್ಚೇ ಮೇಲು ಅನ್ನುವ ಲೋಕ ಇದು.

ಕಲಾವಿದರ ಹೆಸರೂ ಹುಡುಕುಪದವೇ. 'ಡಿಎಸ್‌ಎಂ ಕವರ್' ಅಂದರೆ ಡೇವಿಡ್ ಸ್ಟೋನ್ ಮಾರ್ಟಿನ್ ಬರೆದದ್ದು. ನಿರ್ಮಾಪಕ ನಾರ್ಮನ್ ಗ್ರಾಂಟ್ಜ್‌ನ ಕ್ಲೆಫ್, ನಾರ್‌ಗ್ರಾನ್, ವರ್ವ್ ರೆಕಾರ್ಡುಗಳ ಮೇಲೆ ನಡುಗುವ ಸಪೂರ ಇಂಕಿನ ಗೆರೆಗಳು ಕಂಡರೆ ಅವರನ್ನೇ ನೆನೆಯಿರಿ. ಪಿಯಾನೋ ವಾದಕ ಡೇವ್ ಬ್ರೂಬೆಕ್‌ನ 'ಟೈಮ್ ಔಟ್' ಮೇಲಿನ ಬಣ್ಣದ ಆಕಾರಗಳು ನೀಲ್ ಫುಜಿಟಾ ಅವರವು. ಚಿತ್ರಕಾರ ಆಂಡಿ ವಾರ್ಹಾಲ್ ಹೆಸರು ಮಾಡುವ ಮೊದಲು ಬ್ಲೂ ನೋಟ್‌ಗೆ ಕೆನ್ನಿ ಬರೆಲ್, ಜಾನಿ ಗ್ರಿಫಿನ್ ಅವರ ಕವರು ಬರೆದುಕೊಟ್ಟಿದ್ದರು. ಇವನ್ನು ರೆಕಾರ್ಡು ಕೇಳದವರೂ ಕೊಳ್ಳುತ್ತಾರೆ. ಹಾಗಾಗಿ ಬೆಲೆ ಕೇಳಿ ಗಾಬರಿಯಾಗಬೇಡಿ.

4. ಗಾಯಗಳನ್ನು ಎಣಿಸಿ

ರಿಂಗ್ ವೇರ್ ಎಲ್ಲಕ್ಕಿಂತ ಮಾಮೂಲಿ. ರೆಕಾರ್ಡುಗಳನ್ನು ಒತ್ತೊತ್ತಾಗಿ ತುರುಕಿದಾಗ, ಇಲ್ಲ ಒಂದರ ಮೇಲೊಂದು ಪೇರಿಸಿದಾಗ, ಒಳಗಿನ ತಟ್ಟೆಯ ಅಂಚು ಕವರಿಗೆ ಉಜ್ಜಿ ಬಳೆಯ ಗುರುತು ಮೂಡುತ್ತದೆ. ಕಪ್ಪು, ಕಡುನೀಲಿ ಕವರುಗಳಲ್ಲಿ ಶಾಯಿ ಹೋಗಿ ಬಿಳಿ ಉಂಗುರ ಎದ್ದು ಕಾಣುತ್ತದೆ. ಶಾಯಿ ಹೋಗದೆ ಉಬ್ಬು ಮಾತ್ರ ಇದ್ದರೆ ಅದು ರಿಂಗ್ ಇಂಪ್ರೆಷನ್. ಇವೆರಡರ ನಡುವೆ ಬೆಲೆಯಲ್ಲಿ ಒಳ್ಳೆಯ ವ್ಯತ್ಯಾಸವಿದೆ. ಮಾರುವವರು ಬೇಕೆಂತಲೋ ಸುಮ್ನೆಯೋ ಒಂದರ ಬದಲು ಇನ್ನೊಂದು ಬರೆಯುತ್ತಾರೆ.

ಸೀಮ್ ಸ್ಪ್ಲಿಟ್ ಅಂದರೆ ಅಂಟಿಸಿದ ಅಂಚು ಬಿಟ್ಟುಕೊಂಡದ್ದು. ಎಷ್ಟು ಇಂಚು ಅಂತ ಕೇಳಲೇಬೇಕು. ನನ್ನ ಕಥೆ ಗೊತ್ತಲ್ಲ. 12 ಇಂಚಿನ ಕವರಿನಲ್ಲಿ 12 ಇಂಚು ಬಿಟ್ಟರೂ ಅದು 'ಸ್ಪ್ಲಿಟ್' ಅಷ್ಟೇ. ಬೆನ್ನೇ ಸೀಳಿದ್ದರೆ ಸ್ಪೈನ್ ಸ್ಪ್ಲಿಟ್, ಅದು ಇನ್ನೂ ಕೆಟ್ಟದ್ದು. ಬೆನ್ನಿನ ಅಕ್ಷರ ಅಳಿಸಿಹೋಗಿದ್ದರೆ ಸ್ಪೈನ್ ವೇರ್.

ಮೂಲೆ ಗುದ್ದಿದ್ದು ಕಾರ್ನರ್ ಬಂಪ್. ಹಿಂಬದಿಯ ಬಿಳಿ ಕಾಗದದ ಮೇಲೆ ತುಕ್ಕಿನ ಬಣ್ಣದ ಚುಕ್ಕೆ ಚುಕ್ಕೆ ಬಂದಿದ್ದರೆ ಫಾಕ್ಸಿಂಗ್. ಕಾಗದ ಪೂರ್ತಿ ಹಳದಿ ತಿರುಗಿದ್ದರೆ ಟೋನಿಂಗ್. ನೀರು ಬಿದ್ದು ಅಲೆಅಲೆಯಾಗಿದ್ದರೆ ವಾಟರ್ ಡ್ಯಾಮೇಜ್. ಈ ಕೊನೆಯದರ ಜೊತೆ ಸಾಮಾನ್ಯವಾಗಿ ಬೂಸ್ಟಿನ ವಾಸನೆಯೂ ಬರುತ್ತದೆ. ವಾಸನೆ ಫೋಟೋದಲ್ಲಿ ಕಾಣುವುದಿಲ್ಲ, ಹಾಗಾಗಿ ಬಾಯಿಬಿಟ್ಟು ಕೇಳಿ. ಬೂಸ್ಟು ಹಿಡಿದ ಒಂದು ಕವರು ಸಾಕು, ಇಡೀ ಶೆಲ್ಫಿಗೆ ಹಬ್ಬಿಸಲು.

5. ಬೇಕೆಂದೇ ಮಾಡಿದ ಗುರುತುಗಳು

ಇವು ಗಾಯ ಅಲ್ಲ, ಕಥೆ. ಸಾ ಕಟ್ ಅಂದರೆ ಅಂಚಿನಲ್ಲಿ ಗರಗಸದಿಂದ ಹಾಕಿದ ಸಣ್ಣ ಗೀರು. ಮೂಲೆ ಕತ್ತರಿಸಿದ್ದರೆ ಕಾರ್ನರ್ ಕಟ್. ಮೂಲೆಯಲ್ಲಿ ತೂತು ಕೊರೆದಿದ್ದರೆ ಡ್ರಿಲ್ ಹೋಲ್, ಇನ್ನೂ ಸಣ್ಣದಾದರೆ ಬಿಬಿ ಹೋಲ್. ಎಲ್ಲಕ್ಕೂ ಸೇರಿಸಿ ಕಟ್-ಔಟ್ ಅನ್ನುತ್ತಾರೆ. ಮಾರಾಟವಾಗದೆ ಉಳಿದ, ಪಟ್ಟಿಯಿಂದ ತೆಗೆದ ರೆಕಾರ್ಡುಗಳನ್ನು ಕಂಪನಿ ಅಗ್ಗಕ್ಕೆ ಹೊರಗೆ ಹಾಕುತ್ತಿತ್ತು. ಅಂಗಡಿಯವರು ಅವನ್ನು ಅಗ್ಗಕ್ಕೆ ಕೊಂಡು ಪೂರ್ತಿ ಬೆಲೆಗೆ ವಾಪಸ್ ಮಾಡಬಾರದು ಅಂತ ಈ ಗುರುತು. ಒಂದು ಲಾಭವಿದೆ: ಮಾರಾಟವಾಗದೆ ಉಳಿದದ್ದು ಅಂದರೆ ಒಳಗಿನ ತಟ್ಟೆ ಅಷ್ಟಾಗಿ ಓಡಿಲ್ಲದಿರುವ ಸಾಧ್ಯತೆ ಜಾಸ್ತಿ. ಕೇಳುವುದಕ್ಕೆ ಕೊಳ್ಳುವವರು ಕಟ್-ಔಟ್ ಕಂಡರೆ ಮೂಗು ಮುರಿಯಬೇಕಿಲ್ಲ.

ಪ್ರೊಮೊ ಸ್ಟ್ಯಾಂಪ್ ಅಂದರೆ ರೇಡಿಯೋದವರಿಗೆ, ವಿಮರ್ಶಕರಿಗೆ ಪುಕ್ಕಟೆ ಕೊಟ್ಟ ಪ್ರತಿಯ ಮೇಲಿನ 'ಮಾರಾಟಕ್ಕಲ್ಲ' ಮುದ್ರೆ. ಅಂಥ ಪ್ರತಿಗಳು ಬೇಗ ಅಚ್ಚಾದವು ಅಂತ ಕೆಲವರು ಅದನ್ನೇ ಹುಡುಕಿ ಹೋಗುತ್ತಾರೆ.

ಡಬ್ಲ್ಯೂಒಸಿ ಅಂದರೆ ಕವರಿನ ಮೇಲೆ ಬರಹ, ಡಬ್ಲ್ಯೂಒಎಲ್ ಅಂದರೆ ರೆಕಾರ್ಡಿನ ನಡುವಿನ ಗುಂಡನೆಯ ಲೇಬಲ್ ಮೇಲೆ ಬರಹ, ಟಿಒಸಿ ಅಂದರೆ ಕವರಿನ ಮೇಲೆ ಟೇಪು. ಪೆನ್ನಿನ ಬರಹಕ್ಕೆ ಮದ್ದಿಲ್ಲ. ಪೆನ್ಸಿಲ್ ಆದರೆ ಮೆತ್ತನೆಯ ರಬ್ಬರಿನಿಂದ ತೆಗೆಯಬಹುದು. ಸೆಲ್ಲೋಟೇಪು ಎಲ್ಲಕ್ಕಿಂತ ಕೆಟ್ಟದ್ದು: ಹಳದಿಯಾಗಿ, ಅಂಟು ಕಾಗದದೊಳಗೆ ಇಳಿದು, ಕೀಳಲು ಹೋದರೆ ಚಿತ್ರವನ್ನೂ ಕಿತ್ತುಕೊಂಡು ಬರುತ್ತದೆ.

6. ಗ್ರೇಡ್: 'ಗುಡ್' ಅಂದರೆ ಗುಡ್ ಅಲ್ಲ

ಅಮೆರಿಕದ ಗೋಲ್ಡ್‌ಮೈನ್ ಪತ್ರಿಕೆಯ ಅಳತೆಯೇ ಹೆಚ್ಚು ಚಾಲ್ತಿ. ಮೇಲಿನಿಂದ ಕೆಳಗೆ: ಮಿಂಟ್ (ಹೊಚ್ಚಹೊಸದರ ಹಾಗಿರುವುದು), ನಿಯರ್ ಮಿಂಟ್, ವಿಜಿ ಪ್ಲಸ್, ವಿಜಿ, ಗುಡ್, ಅದಕ್ಕೂ ಕೆಳಗೆ ಫೇರ್ ಮತ್ತು ಪೂರ್. ನಿಯರ್ ಮಿಂಟ್‌ಗೆ ನೂರು ರೂಪಾಯಿ ಆದರೆ ವಿಜಿ ಪ್ಲಸ್‌ಗೆ ಐವತ್ತು, ವಿಜಿಗೆ ಇಪ್ಪತ್ತೈದು ಅನ್ನುವುದು ಅವರ ಸಾಮಾನ್ಯ ಲೆಕ್ಕ. ಅಂದರೆ 'ವೆರಿ ಗುಡ್' ಅನ್ನುವುದು ಕಾಲು ಬೆಲೆಯ ಮಾಲು! 'ಗುಡ್' ಅಂದರೆ ಇನ್ನೂ ಹರಿದುಹೋಗಿಲ್ಲ, ಅಷ್ಟೇ. ಇಂಗ್ಲೆಂಡಿನವರು ಮಿಂಟ್ ಮತ್ತು ವಿಜಿ ನಡುವೆ ಎಕ್ಸೆಲೆಂಟ್ ಅನ್ನುವುದನ್ನು ಇಟ್ಟಿದ್ದಾರೆ.

ಎರಡು ಗ್ರೇಡು ಇದ್ದರೆ ಸಾಮಾನ್ಯವಾಗಿ ಮೊದಲನೆಯದು ತಟ್ಟೆಯದು, ಎರಡನೆಯದು ಕವರಿನದು. ಕೆಲವರು ಉಲ್ಟಾ ಬರೆಯುತ್ತಾರೆ, ಖಾತ್ರಿ ಮಾಡಿಕೊಳ್ಳಿ.

ಕೈ ಪಳಗಲು ನಿಮ್ಮದೇ ಒಂದು ಕವರಿಗೆ ವಿವರಣೆ ಬರೆದು ನೋಡಿ. ನಾನು ಬರೆದದ್ದು 1983ರ 'ಜ್ಯೋತಿ'ಗೆ. ಸ್ಯಾಕ್ಸೋಫೋನ್ ವಾದಕ ಚಾರ್ಲಿ ಮರಿಯಾನೋ ನಮ್ಮ ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ಜೊತೆ ಮಾಡಿದ ಎಲ್‌ಪಿ ಅದು. ಹಾಡಿದವರು ಆರ್. ಎ. ರಮಾಮಣಿ, ಹೊರತಂದದ್ದು ಜರ್ಮನಿಯ ಇಸಿಎಂ. ಮೊದಲ ನೋಟಕ್ಕೆ ನನ್ನ ಪ್ರತಿ ನಿಯರ್ ಮಿಂಟ್ ಅನ್ನಿಸಿತ್ತು. ಓರೆ ಬೆಳಕಿಗೆ ಹಿಡಿದಾಗ ಅರ್ಧ ಉಂಗುರ ಉಬ್ಬಿದ್ದು ಕಂಡಿತು. ಬಾಯಿಯ ಕಡೆ ಮೇಲ್ಮೂಲೆ ಗುದ್ದಿತ್ತು. ಹಿಂದೆ ಬೆಲೆಚೀಟಿ ಕಿತ್ತ ಜಾಗದಲ್ಲಿ ಕಾಗದ ಎದ್ದಿತ್ತು. ಸ್ವಂತ ವಸ್ತುವಿನ ಮೇಲೆ ಮೋಹ ಇರುತ್ತದಲ್ಲ, ತುಂಬಾ ಕಷ್ಟಪಟ್ಟು ವಿಜಿ ಪ್ಲಸ್ ಅಂತ ಬರೆದೆ.

7. ದುಡ್ಡು ಕಳಿಸುವ ಮುಂಚೆ, ಪಾರ್ಸೆಲ್ ಬಂದ ಮೇಲೆ

ಕವರಿನ ವಯಸ್ಸು ಗೊತ್ತಾಯಿತು ಅಂತ ಒಳಗಿನ ತಟ್ಟೆಯ ವಯಸ್ಸು ಗೊತ್ತಾದ ಹಾಗಲ್ಲ. ಲಿಬರ್ಟಿಯವರು ಉಳಿದಿದ್ದ ಹಳೇ ಕವರಿಗೆ ಹೊಸದಾಗಿ ಒತ್ತಿದ ತಟ್ಟೆ ತುಂಬಿಸಿದ್ದುಂಟು. ಅರವತ್ತು ವರ್ಷದಲ್ಲಿ ಯಾರೋ ಎರಡು ಪ್ರತಿ ಸೇರಿಸಿ ಒಂದು ಮಾಡಿರಲೂಬಹುದು. ಇನ್ನರ್ ಸ್ಲೀವನ್ನೂ ನೋಡಿ. ಬ್ಲೂ ನೋಟ್‌ನ ಕೆಲವು ಕಂಪನಿ ಸ್ಲೀವುಗಳ ಮೇಲೆ 25 ವರ್ಷ, 27 ವರ್ಷ ಅಂತ ಅಚ್ಚಾಗಿದೆ. 1939ಕ್ಕೆ ಕೂಡಿಸಿದರೆ ಇಸವಿ ತಾನಾಗೇ ಸಿಗುತ್ತದೆ. 1958ರ ಕವರಿನೊಳಗೆ 27 ವರ್ಷದ ಚೀಲ ಇದ್ದರೆ ತಟ್ಟೆಯ ಲೇಬಲ್ ಫೋಟೋ ಕೇಳದೆ ಮುಂದೆ ಹೋಗಬೇಡಿ.

ಮಾರುವವರಿಗೆ ನಾನು ಕಳಿಸುವ ಪ್ರಶ್ನೆಗಳು ಇಷ್ಟೇ: ಸೀಮ್ ಎಷ್ಟು ಇಂಚು ಬಿಟ್ಟಿದೆ? ಬೆನ್ನಿನ ಫೋಟೋ ಇದೆಯಾ? ಹಿಂಬದಿಯ ತಳದ ಸಾಲಿನ ಫೋಟೋ ಇದೆಯಾ? ಬೂಸ್ಟಿನ ವಾಸನೆ ಇದೆಯಾ? ಕೊನೆಗೆ ಒಂದು ಕೋರಿಕೆ: ತಟ್ಟೆಯನ್ನು ಇನ್ನರ್ ಸ್ಲೀವ್ ಸಮೇತ ಕವರಿನ ಹೊರಗಿಟ್ಟು ಕಳಿಸಿ. ಒಳಗೇ ಇಟ್ಟು ಕಳಿಸಿದರೆ ದಾರಿಯಲ್ಲಿ ಎತ್ತಿಹಾಕುವಾಗ ತಟ್ಟೆಯ ಅಂಚು ಚಾಕುವಿನ ಹಾಗೆ ಸೀಮನ್ನು ಸೀಳುತ್ತದೆ.

ಬಿಟ್ಟುಕೊಂಡ ಸೀಮನ್ನು ಸರಿಮಾಡುವುದಾದರೆ ಟೇಪು ಬೇಡ. ತೆಳು ಕಾಗದದ ಪಟ್ಟಿಗೆ ಬಿಳಿ ಫೆವಿಕಾಲಿನಂಥ ಅಂಟು ಸವರಿ ಒಳಗಡೆಯಿಂದ ಹಚ್ಚಿ, ಮೇಲೆ ದಪ್ಪ ಪುಸ್ತಕ ಹೇರಿ ಒಂದು ರಾತ್ರಿ ಬಿಡಿ. ಅಂಟು ಹೊರಕ್ಕೆ ಉಕ್ಕಬಾರದು. ಆಮೇಲೆ ಮಾರುವುದಾದರೆ ರಿಪೇರಿ ಮಾಡಿದ್ದನ್ನು ಹೇಳಿ ಮಾರಿ.

ಇಡುವುದು ನೇರವಾಗಿ ನಿಲ್ಲಿಸಿ, ಕೈ ಸುಲಭವಾಗಿ ಆಡುವಷ್ಟು ಸಡಿಲವಾಗಿ. ಹೊರಗೆ ಪಾಲಿಪ್ರೊಪಿಲೀನ್ ಅಥವಾ ಪಾಲಿಥಿನ್ ಕವರು ಹಾಕಿ. ಮೆತ್ತಗೆ ಅಂಟಂಟಾಗಿರುವ ಪಿವಿಸಿ ಪ್ಲಾಸ್ಟಿಕ್ ಬೇಡ, ವರ್ಷಗಟ್ಟಲೆ ಇದ್ದರೆ ಅದು ತಟ್ಟೆಯ ಮೇಲೂ ಮಂಜು ಕವಿಸುತ್ತದೆ. ಮಲೆನಾಡು, ಕರಾವಳಿಯವರು ಗೋಡೆಗೆ ತಾಗಿಸಿ ಇಡಲೇಬಾರದು, ಮಳೆಗಾಲದಲ್ಲಿ ಗೋಡೆಯ ತೇವ ನೇರ ಬೆನ್ನಿಗೆ ಇಳಿಯುತ್ತದೆ. ನಾಲ್ಕು ಬೆರಳು ಜಾಗ ಬಿಡಿ, ಬಿಸಿಲು ಕಂಡ ದಿನ ಫ್ಯಾನ್ ಹಾಕಿ ಶೆಲ್ಫಿನ ಬಾಗಿಲು ತೆರೆದಿಡಿ.